ತಿರುಗಿಸಿ ಕೇಳಿದ ಪ್ರಶ್ನೆ

ಓಣಿಯವರೆಲ್ಲ ಆಕೆಯನ್ನು ಕರೆಯುವುದು ಕನ್ನಡಕದಕ್ಕ ಎಂದು. ಅವಳಿಗಿಂತ ಹತ್ತಾರು ವರ್ಷ ದೊಡ್ಡವರೂ ಅಕ್ಕ ಎನ್ನುತ್ತಾರೆ. ಬೇಡವೆಂದು ಹೇಳಿ ಹೇಳಿ ಅವಳಿಗೇ ಸಾಕಾಗಿದೆ. ಅಂಗಡಿ ಅಪ್ಪ ಮಾಡಿಟ್ಟದ್ದು. ಉದ್ದಕ್ಕೇನೋ ರೈಲುಡಬ್ಬಿ, ಅಗಲಕ್ಕೆ ಮಾತ್ರ ಇಬ್ಬರು ಎದುರಾದರೆ ಒಬ್ಬರು ಓರೆಯಾಗಿ ನಿಲ್ಲಬೇಕು. ಮುಂದೆ ಫ್ರೇಮುಗಳ ಗಾಜಿನ ಕಪಾಟು. ನಡುವೆ ಗಾಜಿನ ಅಂಚು ಉಜ್ಜುವ ಯಂತ್ರ, ಅದರ ಕೆಳಗೆ ಸದಾ ಬಿಳಿ ಕೆಸರು ತುಂಬಿದ ಬೋಗುಣಿ. ಹಿಂದೆ ಪರದೆ ಸರಿಸಿದರೆ ಕಣ್ಣು ಪರೀಕ್ಷೆ ಮಾಡುವ ಜಾಗ: ಒಂದು ಕುರ್ಚಿ, ಒಂದು ದೀಪ, ಎದುರು ಗೋಡೆಯಲ್ಲಿ ಒಂದು ಹಲಗೆ.

ಆ ಹಲಗೆಯ ಕಥೆ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಓದು ಬಾರದವರಿಗೂ ಆಗಲೆಂದು ಅಪ್ಪ ಅಕ್ಷರಗಳ ಬದಲು ಬಾಚಣಿಗೆ ಬರೆದಿದ್ದರು. ಮೂರೇ ಹಲ್ಲಿನ ಕಪ್ಪು ಬಾಚಣಿಗೆ. ಹಲ್ಲು ಒಂದರಲ್ಲಿ ಮೇಲಕ್ಕೆ, ಇನ್ನೊಂದರಲ್ಲಿ ಬಲಕ್ಕೆ, ಮತ್ತೊಂದರಲ್ಲಿ ಕೆಳಕ್ಕೆ. ಹಲ್ಲು ಯಾವ ಕಡೆಗಿದೆ ಎಂದು ಹೇಳಿದರೆ ಆಯಿತು. ಮೇಲಿನ ಸಾಲಿನಲ್ಲಿ ಅಂಗೈಯಗಲ, ಕೆಳಗಿಳಿದ ಹಾಗೆಲ್ಲ ಸಣ್ಣದು, ಕಡೆಯ ಸಾಲಿನಲ್ಲಿ ಇರುವೆಗಾತ್ರ. ಒಂದೊಂದು ಸಾಲಿಗೂ ಬೇರೆ ಬೇರೆ ಮರದ ಪಟ್ಟಿ, ಚೌಕಟ್ಟಿನೊಳಗೆ ಜಾರಿಸಿ ಕೂರಿಸಿದ್ದು. ಕೊಳೆಯಾದರೆ ಆ ಪಟ್ಟಿಯೊಂದನ್ನೇ ಹೊರಗೆಳೆದು ಒರೆಸಬಹುದು. ಅಪ್ಪನ ತಲೆಯೇ ತಲೆ!

ಈ ಹಲಗೆಯ ಕೆಳಗೆ ಆಡಿ ಬೆಳೆದವರು ಇಬ್ಬರು, ಅವಳು ಮತ್ತು ಅವಳ ಅಣ್ಣ. ಮಗ್ಗಿ ಬರುವ ಮೊದಲೇ ಇಬ್ಬರಿಗೂ ಬಾಚಣಿಗೆ ಬಾಯಿಪಾಠ. 'ಮೇಲೆ, ಬಲ, ಬಲ, ಕೆಳಗೆ, ಎಡ' ಎಂದು ಅಣ್ಣ ಕಣ್ಣು ಮುಚ್ಚಿಕೊಂಡು ರಾಗವಾಗಿ ಒಪ್ಪಿಸಿ ಗಿರಾಕಿಗಳನ್ನು ನಗಿಸುತ್ತಿದ್ದ. ದೊಡ್ಡವನಾದ ಮೇಲೆ ಅವನಿಗೆ ಅಂಗಡಿಯಲ್ಲಿ ಕಾಲು ನಿಲ್ಲಲಿಲ್ಲ. ಗಾಡಿಯ ಹುಚ್ಚು. ಶಾಲೆಯ ಬಸ್ಸಿಗೆ ಡ್ರೈವರ್ ಆದ. ಮಕ್ಕಳು ಅವನನ್ನು ಹಾರ್ನ್ ಮಾಮ ಎನ್ನುತ್ತಿದ್ದವು, ಅವಳ ಮಗಳೂ ಹಾಗೇ ಕರೆಯುತ್ತ ಅದೇ ಬಸ್ಸು ಹತ್ತುತ್ತಿದ್ದಳು. ಬೆಳಿಗ್ಗೆ ತಿರುವಿನಲ್ಲಿ ಅವನ ಹಾರ್ನ್ ಕೇಳಿಸಿದರೆ ಅರ್ಧ ಓಣಿ ಚಪ್ಪಲಿ ಹುಡುಕುತ್ತಿತ್ತು.

ಡ್ರೈವರುಗಳು ವರ್ಷಕ್ಕೊಮ್ಮೆ ಕಣ್ಣು ತೋರಿಸಿ ಸಹಿ ತರಬೇಕೆಂದು ಶಾಲೆಯ ಕಟ್ಟಳೆ. ಮನೆಯಲ್ಲೇ ಕನ್ನಡಕದವಳು ಇರುವಾಗ ಅಣ್ಣ ಬೇರೆಲ್ಲಿಗೆ ಹೋಗುತ್ತಾನೆ? ಬಂದು ಕೂರುತ್ತಿದ್ದ, ಕಡೆಯ ಸಾಲಿನವರೆಗೂ ಪಟಪಟನೆ ಹೇಳುತ್ತಿದ್ದ, ಅವಳು ಸಹಿ ಹಾಕುತ್ತಿದ್ದಳು. ಅವನಿಗೆ ಹಲಗೆ ಬಾಯಿಗೆ ಬರುತ್ತದೆಂದು ಅವಳಿಗೆ ಗೊತ್ತಿಲ್ಲವೇ? ಗೊತ್ತು. ಆದರೆ ಕಣ್ಣು ಚೆನ್ನಾಗಿದ್ದ ಕಾಲಕ್ಕೆ ಅದೊಂದು ತಮಾಷೆ, ಅಷ್ಟೇ.

ಈಚೆಗೆ ತಮಾಷೆಯಾಗಿ ಉಳಿದಿರಲಿಲ್ಲ. ಎದುರಿಗೆ ಕೂತವರ ಮುಖ ನೋಡಲು ಅಣ್ಣ ಕತ್ತನ್ನು ಒಂದಿಷ್ಟು ಪಕ್ಕಕ್ಕೆ ವಾಲಿಸುತ್ತಿದ್ದ. ಲೋಟಕ್ಕೆ ನೀರು ಬಗ್ಗಿಸಿದರೆ ಅರ್ಧ ಮೇಜಿನ ಮೇಲೆ. ನೋಟದ ನಡುಭಾಗ ಮಸುಕಾಗಿ ಅಂಚು ಮಾತ್ರ ಕಾಣುವವರು ಹೀಗೆ ಕತ್ತು ವಾಲಿಸುವುದನ್ನು ಆ ಕುರ್ಚಿಯಲ್ಲಿ ಅವಳು ಬೇಕಾದಷ್ಟು ನೋಡಿದ್ದಳು. ಕಣ್ಣಿನ ಹಿಂಬದಿಯ ಪದರ ಸವೆಯುವ ಕಾಯಿಲೆ ಇರಬಹುದು. ಬೇಗ ಡಾಕ್ಟರಿಗೆ ತೋರಿಸಿದರೆ ಅಲ್ಲಿಗೇ ತಡೆದರೂ ತಡೆಯಬಹುದು. ಹೇಳಬೇಕು. ಹೇಳಿದರೆ ಬಸ್ಸು ಹೋಯಿತು, ಬಸ್ಸು ಹೋದರೆ ಅಣ್ಣ ಏನಾಗುತ್ತಾನೋ! ಹೇಳದಿದ್ದರೆ ಬಸ್ಸಿನ ತುಂಬ ಓಣಿಯ ಮಕ್ಕಳು. ಅವಳ ಬಾಯಿಗೆ ಬೀಗ ಬಿದ್ದಿತ್ತು. ಈ ವರ್ಷದ ಸಹಿಯ ದಿನ ಹತ್ತಿರವಾಗುತ್ತಿತ್ತು.

ಇಂಥ ಹೊತ್ತಿನಲ್ಲೇ ಮೇಷ್ಟ್ರು ಅಂಗಡಿಗೆ ಬಂದದ್ದು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು. ಬಿಸಿಲಿನ ಕನ್ನಡಕ ಬೇಕು ಎಂದರು. ಹೊಳಪು ತಡೆಯುವ ಕಪ್ಪು ಗಾಜುಗಳನ್ನು ಅವಳು ಮುಂದಿಟ್ಟಳು. ಕೊಳ್ಳುವುದು ಬಿಟ್ಟು ಅವರು ಮಗುವಿನ ಹಾಗೆ ಆಟಕ್ಕೆ ಶುರುಮಾಡಿದರು. ಎರಡು ಗಾಜು ಒಂದರ ಹಿಂದೊಂದು ಹಿಡಿದು ಒಂದನ್ನು ಮೆಲ್ಲಗೆ ತಿರುಗಿಸಿದರು. ಕಾಣುತ್ತಿದ್ದ ಬೀದಿ ಮಬ್ಬಾಗುತ್ತ ಹೋಗಿ ಪೂರ್ತಿ ಕತ್ತಲಾಯಿತು. ಇಷ್ಟು ಅವಳಿಗೂ ಗೊತ್ತು, ಗಿರಾಕಿಗಳಿಗೆ ತೋರಿಸಿಯೇ ಮಾರುವುದು. ಆಮೇಲೆ ಅವರು ಮೂರನೆಯ ಗಾಜನ್ನು ಓರೆಯಾಗಿ ಆ ಎರಡರ ನಡುವೆ ತೂರಿಸಿದರು. ಕತ್ತಲಾಗಿದ್ದಲ್ಲಿ ಬೀದಿ ಮತ್ತೆ ಕಾಣಿಸಿತು.

"ಅಯ್ಯೋ, ಇದೇನ್ರೀ ಇದು!" ಎಂದಳು ಕನ್ನಡಕದಕ್ಕ. "ಕತ್ತಲೆಗೆ ಇನ್ನೊಂದು ಕಪ್ಪು ಗಾಜು ಸೇರ್ಸಿದ್ರೆ ಬೆಳಕು ಬರುತ್ತಾ?"

"ಬಂತಲ್ಲ."

"ಇದನ್ನೇ ಮಾರ್ಕೊಂಡು ಬದುಕ್ತಿದೀನಿ. ನನ್ಗೇ ಗೊತ್ತಿರ್ಲಿಲ್ಲ ನೋಡಿ."

"ಯಾಕೆ ಅಂತ ಗೊತ್ತಾಗ್ಬೇಕಾದ್ರೆ ಶನಿವಾರ ಸಂಜೆ ಲೈಬ್ರರಿ ಮಹಡಿಗೆ ಬನ್ನಿ. ಕ್ವಾಂಟಂ ಪಾಠ ಇಟ್ಕೊಂಡಿದೀನಿ. ಬರೋರೇ ಕಮ್ಮಿ."

ಕಮ್ಮಿ ಎಂದರೆ ಕಮ್ಮಿಯೇ. ಒಬ್ಬ ದರ್ಜಿ, ಪಾಠ ಶುರುವಾದ ಕೂಡಲೇ ತೂಕಡಿಸುವ ಒಬ್ಬ ಪಿಂಚಣಿದಾರ, ಈಗ ಇವಳು. ಮೊದಮೊದಲು ಅವಳಿಗೆ ಎಲ್ಲವೂ ಕಬ್ಬಿಣದ ಕಡಲೆ. ಬೆಳಕು ಅಲೆಯಂತೆ, ಸರಿ. ಬೆಳಕು ಕಣಗಳಂತೆ, ಅದೂ ಸರಿಯಂತೆ. ಎರಡರಲ್ಲೊಂದು ಹೇಳಿ ಪುಣ್ಯಾತ್ಮರೇ ಎಂದು ಅವಳ ಮನಸ್ಸು ಗೊಣಗುತ್ತಿತ್ತು. ಗಾಜುಗಳ ಪಾಠಕ್ಕೆ ಬಂದಾಗ ಮಾತ್ರ ಬೆನ್ನು ನೆಟ್ಟಗಾಯಿತು.

ಮೇಷ್ಟ್ರು ಹೇಳಿದ್ದು ಇಷ್ಟು. ಬೆಳಕಿನ ಒಂದು ಕಣಕ್ಕೆ ಗಾಜು ಒಂದು ಪ್ರಶ್ನೆ ಕೇಳುತ್ತದೆ: ನೀನು ನೆಟ್ಟಗಿದ್ದೀಯಾ? ಹೌದೆಂದರೆ ದಾಟಿತು, ಇಲ್ಲವೆಂದರೆ ಅಲ್ಲೇ ಮುಗಿಯಿತು. ದಾಟಿದ ಕಣಕ್ಕೆ ಅದೇ ಪ್ರಶ್ನೆಯನ್ನು ಇನ್ನೆಷ್ಟು ಸಲ ಕೇಳಿದರೂ ಅದೇ ಉತ್ತರ. ಗಾಜನ್ನು ಪೂರ್ತಿ ಅಡ್ಡಕ್ಕೆ ತಿರುಗಿಸಿ ಕೇಳಿದರೆ ಒಂದೂ ದಾಟುವುದಿಲ್ಲ. ಓರೆ ಮಾಡಿ ಕೇಳಿದರೆ? ಅರ್ಧದಷ್ಟು ಕಣ ದಾಟುತ್ತವೆ. ಯಾವುದು ದಾಟುತ್ತದೆ, ಯಾವುದು ಇಲ್ಲ, ಮೊದಲೇ ಹೇಳಲು ಯಾರ ಕೈಲೂ ಆಗದು. ನಮಗೆ ತಿಳಿಯದೆ ಎಲ್ಲೋ ಬರೆದಿಟ್ಟಿದೆ ಎಂದಲ್ಲ, ಉತ್ತರವೇ ಇನ್ನೂ ಆಗಿಲ್ಲ. ಹಾಗೆ ಓರೆಗಾಜು ದಾಟಿದ ಕಣ ತನ್ನ ಹಳೆಯ ನೆಟ್ಟಗಿನ ನಿಲುವನ್ನು ಬಿಟ್ಟಿರುತ್ತದೆ. ಅದಕ್ಕೇ ಮುಂದಿನ ಅಡ್ಡ ಗಾಜನ್ನೂ ಕೆಲವು ದಾಟಿಬಿಡುತ್ತವೆ. ಕೇಳಿದ್ದರಿಂದಲೇ ಅದು ಬದಲಾಯಿತು.

ಆ ಸಂಜೆ ಅವಳು ಮನೆಗೆ ಹಾರಿಕೊಂಡೇ ಹೋದಳು ಎನ್ನಬೇಕು. ಮರುದಿನ ಭಾನುವಾರ ಅಣ್ಣನ ಮನೆಯಲ್ಲಿ ಊಟ. ಕೈ ಒಣಗಿದರೂ ಏಳದೆ ವಿವರಿಸಿದ್ದೇ ವಿವರಿಸಿದ್ದು. ಅತ್ತಿಗೆ ಕಣ್ಣು ಕಣ್ಣು ಬಿಟ್ಟಳು. ಅಣ್ಣ ಕತ್ತು ವಾಲಿಸಿಕೊಂಡು ಎಲ್ಲ ಕೇಳಿ, "ಅಂದ್ರೆ ನೋಡೋವರ್ಗೂ ಏನೂ ತೀರ್ಮಾನ ಆಗಿರಲ್ಲ ಅಂತ ತಾನೆ?" ಎಂದ.

"ಹೂಂ, ಹಾಗೇ."

"ಮತ್ತಿನ್ನೇನು! ನೀನು ನೋಡೋವರ್ಗೂ ನನ್ನ ಕಣ್ಣೂ ಚೆನ್ನಾಗೇ ಇದೆ ಅಂತಾಯ್ತು. ಮೇಷ್ಟ್ರಿಗೆ ನನ್ನ ನಮಸ್ಕಾರ ಹೇಳು."

ಎಲ್ಲರೂ ನಕ್ಕರು, ಅವಳೂ ನಕ್ಕಳು. ಅಣ್ಣ ತಾನಾಗಿ ಕಣ್ಣಿನ ಮಾತೆತ್ತಿದ್ದು ಅದೇ ಮೊದಲು. ಅದಕ್ಕಿಂತ ಹೆಚ್ಚಾಗಿ, ಅವಳಿಗೆ ಒಳಗೊಳಗೇ ಹಾಯೆನಿಸಿತು. ಇಷ್ಟು ದಿನ ತಾನು ಹೇಡಿ ಎಂದುಕೊಂಡಿದ್ದಳು. ಈಗ ವಿಜ್ಞಾನವೇ ತನ್ನ ಕಡೆ! ನೋಡದಿದ್ದರೆ ಕೆಟ್ಟದ್ದು ಇನ್ನೂ ಆಗಿಲ್ಲ. ವಾರವಿಡೀ ಅದನ್ನೇ ಹಿಡಿದುಕೊಂಡು ಗಾಜು ಉಜ್ಜಿದಳು. ಆದರೂ ಕಳ್ಳ ಮನಸ್ಸು ನೋಡಿ, ಅದಕ್ಕೆ ಮೇಷ್ಟ್ರ ಸಹಿಯೂ ಬೇಕಾಯಿತು. ಮುಂದಿನ ಶನಿವಾರ, ಯಾರದೋ ವಿಷಯವೆಂಬಂತೆ ಕೇಳಿಬಿಟ್ಟಳು.

"ಒಬ್ಬರ ಕಣ್ಣಿದೆ ಅನ್ಕೊಳಿ. ಕೆಟ್ಟಿದೆಯೋ ಇಲ್ವೋ, ಪರೀಕ್ಷೆ ಮಾಡೋವರ್ಗೂ ಎರಡೂ ಅನ್ಬಹುದಲ್ವಾ?"

ಮೇಷ್ಟ್ರು ನಗಲಿಲ್ಲ. ದರ್ಜಿಯ ಕೈಯಿಂದ ಒಂದು ಗುಂಡಿ ಇಸಿದುಕೊಂಡು ಮೇಜಿನ ಮೇಲೆ ಚಿಮ್ಮಿ, ಬೀಳುತ್ತಲೇ ಟೀ ಲೋಟ ಕವುಚಿದರು.

"ಯಾವ ಮಗ್ಗುಲು ಮೇಲಿದೆ?"

"ಗೊತ್ತಿಲ್ಲ."

"ನಿಮಗೆ ಗೊತ್ತಿಲ್ಲ, ಅಷ್ಟೇ. ಗುಂಡಿ ಬಿದ್ದಾಯ್ತು. ಓರೆಗಾಜಿನ ಮುಂದಿರೋ ಕಣ ಇದೆಯಲ್ಲ, ಅದು ಇನ್ನೂ ಬಿದ್ದೇ ಇಲ್ಲ. ಎರಡನ್ನೂ ಒಂದೇ ಅಂದ್ಕೊಂಡ್ರೆ ಪಾಠ ಎಲ್ಲ ನೀರು ಪಾಲು." ಲೋಟದ ಮೇಲೆ ಕೈಯಿಟ್ಟುಕೊಂಡೇ ಅವರು ಮುಂದುವರಿಸಿದರು: "ಕಣ್ಣು ದೊಡ್ಡ ವಸ್ತು ಕಣ್ರಮ್ಮ. ಗಾಳಿ, ಬೆಳಕು, ಮೈಶಾಖ ಎಲ್ಲ ಸದಾ ಅದನ್ನ ಮುಟ್ತಾನೇ ಇರುತ್ತೆ. ನಾವು ನೋಡ್ಲಿ ಅಂತ ಅದು ಕಾಯ್ತಾ ಕೂರಲ್ಲ. ಕೆಟ್ಟಿದ್ರೆ ಕೆಟ್ಟಾಗಿದೆ. ಯಾರದು ಕಣ್ಣು?"

"ಯಾರೋ ಗಿರಾಕಿ," ಎಂದಳು. ಕಿವಿಯವರೆಗೆ ಬಿಸಿಯೇರಿತು.

ದಾರಿಯುದ್ದಕ್ಕೂ ಅವಳಿಗೆ ತನ್ನ ಮೇಲೇ ಉರಿ. ಓದಿದ್ದು ಎರಡಕ್ಷರ, ಅದನ್ನೂ ಜಾರಿಕೊಳ್ಳುವುದಕ್ಕೇ ಬಳಸಿದೆನಲ್ಲ! ಜಾರುವುದಕ್ಕೆ ವಿಜ್ಞಾನವೇ ಬೇಕಿತ್ತೇ? ಇಷ್ಟು ವರ್ಷ ತಾನು ಅಣ್ಣನಿಗೆ ಮಾಡಿದ್ದು ಪರೀಕ್ಷೆಯೇ ಅಲ್ಲ. ಉತ್ತರ ಗೊತ್ತಿದ್ದವನಿಗೆ ಅದೇ ಪ್ರಶ್ನೆ ಕೇಳಿದ್ದು, ಅದೇ ಉತ್ತರ ಪಡೆದದ್ದು. ಹೊಸದೇನಾದರೂ ತಿಳಿಯಬೇಕಾದರೆ ತಿರುಗಿಸಿ ಕೇಳಬೇಕು. ಅಷ್ಟು ಮಾಡುವುದಕ್ಕೆ ಕ್ವಾಂಟಂ ಬೇಡ, ಧೈರ್ಯ ಬೇಕು.

ಭಾನುವಾರ ಮಧ್ಯಾಹ್ನ ಅಣ್ಣ ಸಹಿಗೆ ಬರುವ ಮೊದಲು ಅವಳು ಪರದೆಯ ಹಿಂದೆ ಹೋದಳು. ನಾಲ್ಕನೆಯ ಸಾಲಿನ ಪಟ್ಟಿಯನ್ನು ಹೊರಗೆಳೆದಳು. ಬಲ ತುದಿ ಎಡಕ್ಕೆ ಬರುವಂತೆ ತಲೆಕೆಳಗು ಮಾಡಿ ಮತ್ತೆ ಜಾರಿಸಿದಳು. ಮೇಲಿದ್ದ ಹಲ್ಲೆಲ್ಲ ಕೆಳಗೆ, ಬಲದ್ದು ಎಡಕ್ಕೆ, ಮೊದಲಿನದು ಕಡೆಗೆ. ಒಡಹುಟ್ಟಿದವನಿಗೆ ಬಲೆ ಒಡ್ಡುತ್ತಿದ್ದೇನೆ ಎನಿಸಿತು. ಮತ್ತೆ ಸರಿಮಾಡಿಬಿಡಲೇ ಎಂದು ಪಟ್ಟಿಯ ಮೇಲೆ ಕೈಯಿಟ್ಟಳು. ಅಷ್ಟರಲ್ಲಿ ಬಾಗಿಲಲ್ಲಿ ಅಣ್ಣನ ದನಿ.

"ಬೇಗ ಮುಗಿಸು ಮಾರಾಯ್ತಿ, ಬಸ್ಸು ತೊಳೀಬೇಕು."

ಕುರ್ಚಿಯಲ್ಲಿ ಕೂತ. ಒಂದು ಕಣ್ಣಿಗೆ ಅಂಗೈ ಮುಚ್ಚಿದ. ಅವಳು ಕೋಲಿನಿಂದ ನಾಲ್ಕನೆಯ ಸಾಲು ತೋರಿಸಿದಳು.

"ಮೇಲೆ, ಬಲ, ಬಲ, ಕೆಳಗೆ, ಎಡ," ಎಂದ ಅಣ್ಣ, ಚಿಕ್ಕಂದಿನ ಅದೇ ರಾಗದಲ್ಲಿ. ನಗುತ್ತಿದ್ದ.

ಒಂದೂ ಸರಿಯಿರಲಿಲ್ಲ. ಅವಳು ಕೋಲು ಕೆಳಗಿಳಿಸಿದಳು. ಇನ್ನೊಂದು ಕಣ್ಣು ಎನ್ನಲಿಲ್ಲ. ಅಣ್ಣನ ನಗು ನಿಧಾನವಾಗಿ ಇಳಿಯಿತು. ಅಂಗೈ ತೆಗೆದು, ಕತ್ತು ಇತ್ತ ವಾಲಿಸಿ, ಅತ್ತ ವಾಲಿಸಿ, ಹಲಗೆಯನ್ನು ಹುಡುಕುವವನಂತೆ ನೋಡಿದ.

"ಪಟ್ಟಿ ತಿರುಗ್ಸಿದೀಯಾ?"

"ಹೂಂ, ಅಣ್ಣ."

ಬೈಯುತ್ತಾನೆಂದುಕೊಂಡಳು. ಬೈಯಲಿ ಎಂದು ಕಾದಳು. ಅವನು ಬೈಯಲಿಲ್ಲ.

"ಯಾವಾಗಿಂದ ಗೊತ್ತು ನಿಂಗೆ?"

"ಅನುಮಾನ ಅಷ್ಟೇ ಇತ್ತು. ಗಟ್ಟಿಯಾಗಿ ಗೊತ್ತಾಗಿದ್ದು ಈಗ."

"ಸುಳ್ಳು ಹೇಳ್ಬೇಡ." ಅವನ ದನಿ ಮೆಲ್ಲಗಿತ್ತು. "ಮಳೆಗಾಲ ಮುಗಿಯೋ ಮುಂಚೆ ನಿನ್ ಮಗಳನ್ನ ನನ್ ಬಸ್ಸಿಂದ ಬಿಡ್ಸಿ ಸೈಕಲ್ ಕೊಡ್ಸಿದೆ. ವ್ಯಾಯಾಮ ಆಗ್ಲಿ ಅಂದೆ. ಇದಕ್ಕೇ ತಾನೆ?"

ಅವಳು ಸೈಕಲ್ ಕೊಂಡ ದಿನ ಅದನ್ನು ತನಗೆ ತಾನೇ ಒಪ್ಪಿಕೊಂಡಿರಲಿಲ್ಲ. ವ್ಯಾಯಾಮವೆಂದೇ ನಂಬಿದ್ದಳು, ಅಥವಾ ನಂಬಿದಂತೆ ನಡೆದುಕೊಂಡಿದ್ದಳು. ಈಗ ಅಣ್ಣ ಕೇಳಿದ ಮೇಲೆ ಇನ್ನೊಂದು ಉತ್ತರಕ್ಕೆ ಜಾಗವೇ ಇರಲಿಲ್ಲ. ಗುಂಡಿ ಆಗಲೇ ಬಿದ್ದಿತ್ತು. ಲೋಟ ಕವುಚಿಕೊಂಡು ಕೂತವಳು ತಾನೇ.

"ಹೌದು," ಎಂದಳು.

"ನಿನ್ ಮಗಳು ಇಳಿದ್ಲು. ಮಿಕ್ಕ ಮಕ್ಕಳು?"

ಅವಳು ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಅಣ್ಣನ ಮೊಣಕಾಲಿಗೆ ಹಣೆ ಆನಿಸಿ ಅತ್ತುಬಿಟ್ಟಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟ.

"ನಾನೂ ನಿನ್ ಹಂಗೇನೇ," ಎಂದ. "ಚೆನ್ನಾಗಿದೆ, ಚೆನ್ನಾಗಿದೆ ಅಂತ ದಿನಾ ಬೆಳಿಗ್ಗೆ ಗಾಡಿ ತೆಗೀತಿದ್ದೆ. ಮೊನ್ನೆ ಗೇಟಿನ ಹತ್ರ ಒಂದು ಮಗು ಅಡ್ಡ ಬಂದಿದ್ದು ನಂಗೆ ಕಾಣ್ಲೇ ಇಲ್ಲ. ಆಯಾ ಕೂಗಿದ್ಲು, ನಿಲ್ಲಿಸ್ದೆ. ಮನೇಲಿ ಯಾರಿಗೂ ಹೇಳಿಲ್ಲ."

ಹೊರಗೆ ಯಾರೋ ಗಿರಾಕಿ "ಅಕ್ಕಾ" ಎಂದು ಕರೆದು, ಉತ್ತರ ಬಾರದೆ ಹೋದರು. ಅಣ್ಣ ಜೇಬಿನಿಂದ ಮೊಬೈಲ್ ತೆಗೆದು ಅವಳ ಕಡೆ ಚಾಚಿದ.

"ಶಾಲೆಯವರ ನಂಬರ್ ಒತ್ತಿಕೊಡು," ಎಂದ. "ಮಾತು ನಾನೇ ಆಡ್ತೀನಿ. ನಂಬರ್ ಮಾತ್ರ ನೀನು ಒತ್ತು. ನಂಗೆ ಕಾಣ್ಸಲ್ಲ."