ಒಂದು ಜೊತೆ ಗಂಡಸಿನ ಬೂಟು

ರೈಮೊ ಮೂವತ್ತೊಂದು ಚಳಿಗಾಲ ಊರ ರಸ್ತೆಗಳಲ್ಲಿ ಹಿಮ ತಳ್ಳುವ ಗಾಡಿ ಓಡಿಸಿದವನು. ಹೋದ ವರ್ಷ ಬೆಳ್ಳಂಬೆಳಗ್ಗೆಯೇ ಎಣ್ಣೆ ಏರಿಸಿಕೊಂಡು ಹೋಗಿ, ಹಿಮದ ಜೊತೆಗೆ ರಸ್ತೆಬದಿಯ ಒಂಬತ್ತು ಅಂಚೆಪೆಟ್ಟಿಗೆಗಳನ್ನೂ ಗುಡಿಸಿ ಹಾಕಿದ. ಕೆಲಸ ಹೋಯಿತು, ಲೈಸೆನ್ಸ್ ಹೋಯಿತು. ಹೆಂಡತಿ ಅದಕ್ಕೂ ಮುಂಚೆಯೇ ಹೋಗಿದ್ದಳು. ಊರಿನಲ್ಲಿ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಬಡಗಣ ಹಿಮದ ನಾಡಿನ ಕೈನು ಸೀಮೆಯವರು ನಾವು. ಪಕ್ಕದ ಮನೆಗೆ ಬೆಂಕಿ ಬಿದ್ದರೂ ಬಾಗಿಲು ತಟ್ಟಿದರೆ ಅವರಿಗೆ ತೊಂದರೆಯಾದೀತೇನೋ ಎಂದು ಯೋಚಿಸುವ ಜನ.

ಮಾತಾಡಿದವಳು ಮಗಳು ಪೈವಿ ಒಬ್ಬಳೇ. ಔಲು ಪಟ್ಟಣದಲ್ಲಿ ಅವಳಿಗೆ ಹೆರಿಗೆಯಾಗಿತ್ತು. ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದಳು:

"ಅಪ್ಪಾ, ಮಗು ನಾಮಕರಣಕ್ಕೆ ಬರ್ಬೇಕು ಅಂದ್ರೆ ಒಂದ್ ಕೆಲ್ಸ ಮಾಡು. ನಾನು ಕುಡುಕ ಅಂತ ಯಾರೆದುರಿಗಾದ್ರೂ ಬಾಯ್ಬಿಟ್ಟು ಹೇಳು. ನನ್ ಹತ್ರ ಬೇಡ, ನಂಗೊತ್ತು."

ಊರ ಆಸ್ಪತ್ರೆಯ ನರ್ಸ್ ಒಂದು ಚೀಟಿ ಬರೆದುಕೊಟ್ಟಳು: ಕುಡಿತ ಬಿಡುವವರ ಬಳಗ, ಮಂಗಳವಾರ ಸಂಜೆ ಆರು, ಚರ್ಚಿನ ಹಳೆಯ ಮರದ ಮನೆ. ಮಹಡಿಯ ಮೇಲೋ ಕೆಳಗೋ ಬರೆದಿರಲಿಲ್ಲ. ಇಂಥ ಬಳಗಕ್ಕೆ ಬೋರ್ಡು ಹಾಕುವವರೂ ಇಲ್ಲ.

ಮೊದಲ ಮಂಗಳವಾರ ಹೊಸ್ತಿಲಲ್ಲಿ ಬೂಟು ಬಿಚ್ಚುವಾಗ ಅಲ್ಲಿ ಆರು ಜೊತೆ ಹೆಂಗಸರ ಬೂಟುಗಳಿದ್ದವು. ಹೆಂಗಸರೂ ಕುಡಿಯುತ್ತಾರೆ, ಅದರಲ್ಲೇನು ಎಂದುಕೊಂಡು ಮಹಡಿ ಹತ್ತಿದ. ಮೇಜಿನ ಸುತ್ತ ಆರು ಮುದುಕಿಯರು ಉಣ್ಣೆ ಹೆಣೆಯುತ್ತಿದ್ದರು. ಎಂಬತ್ತು ದಾಟಿದ ಹಿಲ್ಕ ಅವನ ಮುಖ ನೋಡಿದಳು, ಕಾಲುಚೀಲದ ತೂತಿನಿಂದ ಇಣುಕುತ್ತಿದ್ದ ಹೆಬ್ಬೆರಳು ನೋಡಿದಳು, ಕುರ್ಚಿ ಎಳೆದುಕೊಟ್ಟಳು. ಕಾಫಿ ಬಂತು, ಏಲಕ್ಕಿ ಬನ್ ಬಂತು, ಆಮೇಲೆ ಎರಡು ಕಡ್ಡಿ ಮತ್ತು ಬೂದುಬಣ್ಣದ ಉಣ್ಣೆ ಬಂತು.

"ಕೈ ಖಾಲಿ ಇರ್ಬಾರ್ದು," ಎಂದಳು.

ಇದೂ ಒಂದು ಚಿಕಿತ್ಸೆ ಇರಬೇಕು, ಎರಡೂ ಕೈ ಹೀಗೆ ಸಿಕ್ಕಿಬಿದ್ದರೆ ಬಾಟಲಿ ಹಿಡಿಯುವುದಾದರೂ ಹೇಗೆ ಎಂದುಕೊಂಡ ರೈಮೊ. ಇಲ್ಲಿ ಯಾರೂ ಏನೂ ಕೇಳುವುದಿಲ್ಲ ಎಂದು ನರ್ಸ್ ಮೊದಲೇ ಹೇಳಿದ್ದಳು. ಯಾರೂ ಏನೂ ಕೇಳಲಿಲ್ಲ. ಹಾಗಾಗಿ ಅನುಮಾನ ಬರಲು ಕಾರಣವೇ ಇರಲಿಲ್ಲ.

ಮೂರು ಮಂಗಳವಾರ ಹೀಗೇ ಕಳೆದವು. ಹಲ್ಲು ಕಚ್ಚಿಕೊಂಡು ಕುಡಿಯದೆ ಇದ್ದ. ಹೇಳಬೇಕಾದ ಮಾತನ್ನು ಮಾತ್ರ ಪ್ರತಿಸಲ ಮುಂದಿನ ವಾರಕ್ಕೆ ದೂಡಿದ. ಆ ಒಂದು ಗಂಟೆ ಬಿಟ್ಟರೆ ವಾರವಿಡೀ ಅವನನ್ನು ಹೆಸರು ಹಿಡಿದು ಕರೆಯುವವರಿಲ್ಲ. ಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ, ತೊಳೆಯಲು ಮತ್ತೇನೂ ಇಲ್ಲ. ಟಿವಿ ಹಾಕಿದರೆ ಕಳ್ಳನಂತೆ ಅದರ ಸದ್ದು ತಗ್ಗಿಸುತ್ತಿದ್ದ, ಯಾರಿಗೆ ತೊಂದರೆಯಾಗುತ್ತದೆಂದೋ ಅವನಿಗೇ ಗೊತ್ತಿಲ್ಲ. ಅಷ್ಟು ಒಂಟಿಯಾಗಿದ್ದ.

ನಾಲ್ಕನೆಯ ಮಂಗಳವಾರ ಬಂತು. ಶನಿವಾರವೇ ನಾಮಕರಣ. ಕಡ್ಡಿ ಹಿಡಿದುಕೊಂಡೇ ಎದ್ದು ನಿಂತ.

"ನಾನು... ನಾನು ಕುಡುಕ."

ಹನ್ನೆರಡು ಕೈಗಳೂ ನಿಂತವು.

"ಗೊತ್ತು ಕಣಪ್ಪಾ," ಎಂದಳು ಹಿಲ್ಕ. "ಆ ಒಂಬತ್ತು ಅಂಚೆಪೆಟ್ಟಿಗೇಲಿ ಒಂದು ನಂದೇ."

"ಮತ್ತೆ... ನೀವೆಲ್ಲಾ?"

"ನಾವಾ? ನಾವು ಸಾಕ್ಸ್ ಹೆಣೆಯೋರು. ನಿಂಗ್ ಬೇಕಾದೋರು ಕೆಳಗವ್ರೆ, ಮೆಟ್ಲ್ ಹಿಂದಿನ್ ಬಾಗ್ಲು."

"ಮೊದಲ್ನೇ ದಿನಾನೇ ಹೇಳ್ಬಾರ್ದಿತ್ತಾ?"

"ಸಾಕ್ಸ್ ತೂತಾಗಿತ್ತು. ಹೆಂಡ್ತಿ ಇಲ್ಲ, ಹೆಣೆಯೋದು ಕಲಿಯೋಕ್ ಬಂದಿದಾನೆ ಪಾಪ ಅಂದ್ಕೊಂಡ್ವಿ. ಕೇಳಿದ್ರೆ ನೊಂದ್ಕೋತಿದ್ದೆ. ಹೋಗು ಹೋಗು, ಇನ್ನೂ ಅರ್ಧ ಗಂಟೆ ಇದೆ. ಕಡ್ಡಿ ಇಟ್ಟು ಹೋಗು."

ಮೆಟ್ಟಿಲಿಳಿಯುವಾಗ ಅವನ ಕಿವಿಗಳು ಸುಡುತ್ತಿದ್ದವು. ಮಗಳು ಕೇಳಿದ್ದು ಆಯಿತಲ್ಲ, ಇನ್ನು ಮನೆಗೆ ಹೋದರಾಯಿತು ಎಂದು ಒಂದು ಬೂಟನ್ನು ಹಾಕಿಯೂ ಬಿಟ್ಟ. ಆಗ ಮೆಟ್ಟಿಲ ಹಿಂದಿನ ಬಾಗಿಲ ಆಚೆ ಯಾರೋ ಗಟ್ಟಿಯಾಗಿ ಓದುವುದು ಕೇಳಿಸಿತು. ಬೂಟು ಬಿಚ್ಚಿಟ್ಟು ಬಾಗಿಲು ತಳ್ಳಿದ.

ದುಂಡಗೆ ಹತ್ತು ಕುರ್ಚಿಗಳು. ಒಂದರಲ್ಲಿ ಒಬ್ಬ ಬಡಕಲು ಮುದುಕ, ತೊಡೆಯ ಮೇಲೆ ಪುಸ್ತಕ. ಖಾಲಿ ಕುರ್ಚಿಗಳಿಗೆ ಓದಿ ಹೇಳುತ್ತಿದ್ದ. ಪಕ್ಕದಲ್ಲಿ ಕಾಫಿ, ಎರಡು ಲೋಟ.

ಮುದುಕನ ಹೆಸರು ಎನ್ಸಿಯೊ, ಕೆರೆಯಾಚೆಯವನು. ಬಳಗದ ಬಾಕಿ ಜನರಲ್ಲಿ ಕೆಲವರು ಸತ್ತಿದ್ದರು, ಕೆಲವರು ಊರು ಬಿಟ್ಟಿದ್ದರು. ಎರಡು ಚಳಿಗಾಲದಿಂದ ಒಬ್ಬನೇ ಬಂದು, ಒಬ್ಬನೇ ಸಭೆ ನಡೆಸಿ, ಒಬ್ಬನೇ ದೀಪ ಆರಿಸಿ ಹೋಗುತ್ತಿದ್ದ.

"ನಾನು ಹಿಂದಿನ್ ಬಾಗ್ಲಿಂದ ಬರೋನು," ಎಂದ ಎನ್ಸಿಯೊ, ಕಾಫಿ ಬಗ್ಗಿಸುತ್ತ. "ನೀರು ತರೋಕ್ ಬಂದಾಗ ನೋಡ್ತಿದ್ದೆ, ಹೊಸ್ತಿಲಲ್ಲಿ ಒಂದು ಜೊತೆ ಗಂಡಸಿನ್ ಬೂಟು. ಮೂರು ವಾರದಿಂದ. ಇವತ್ ಬರ್ತಾನೆ, ಇವತ್ ಬರ್ತಾನೆ ಅಂತ ಎರಡು ಲೋಟ ಇಡ್ತಿದ್ದೆ."

"ಮಾರಾಯ, ಒಂದ್ಸಲ ಕರೀಬಾರ್ದಿತ್ತಾ!"

"ಹೆಂಗ್ ಕರೆಯೋದು? ಹೆಸರು ಗೊತ್ತಿರ್ಲಿಲ್ಲ."

ರೈಮೊ ಒಂದು ಖಾಲಿ ಕುರ್ಚಿಯಲ್ಲಿ ಕೂತ.

"ನನ್ನ ಹೆಸರು ರೈಮೊ. ನಾನು ಕುಡುಕ."

"ನಮಸ್ಕಾರ, ರೈಮೊ," ಎಂದ ಎನ್ಸಿಯೊ. ಹತ್ತು ಜನ ಒಟ್ಟಿಗೆ ಹೇಳಬೇಕಾದ ಮಾತನ್ನು ಅವನೊಬ್ಬನೇ ಹೇಳಿದ, ಧ್ವನಿ ಎತ್ತರಿಸಿ.

ಹೊರಡುವಾಗ ಪೈವಿಗೆ ಫೋನ್ ಮಾಡಿದ, ಎತ್ತಲಿಲ್ಲ. "ಹೇಳಿದೆ. ಎರಡು ಸಲ," ಎಂದು ಬರೆದು ಕಳಿಸಿ ಬೂಟಿಗೆ ಕೈ ಹಾಕಿದ. ಉತ್ತರ ಬಂತು: "ಶನಿವಾರ ಒಂದು ಗಂಟೆಗೆ. ಒಗೆದ ಅಂಗಿ ಹಾಕ್ಕೊಂಡು ಬಾ."

ಹಿಲ್ಕ ಮತ್ತು ಗೆಳತಿಯರು ಮಹಡಿಯಿಂದ ಇಳಿದು ಬಂದಾಗ ರೈಮೊ ಹೊಸ್ತಿಲಲ್ಲಿ ಒಂದೇ ಬೂಟು ಹಾಕಿಕೊಂಡು ಕೂತು ಅಳುತ್ತಿದ್ದ. ಯಾರೂ ಏನೂ ಕೇಳಲಿಲ್ಲ. ಹಿಲ್ಕ ಮಾತ್ರ ಮಂಡಿ ಹಿಡಿದುಕೊಂಡು ನಿಧಾನವಾಗಿ ಬಗ್ಗಿ, ಇನ್ನೊಂದು ಬೂಟನ್ನು ಅವನ ಕಾಲ ಹತ್ತಿರ ಸರಿಸಿದಳು.