ಕ್ಯಾಮ್ ಹಾಕಿದೆ, ಕಂಪ್ಯೂಟರಿಗೆ ಹೇಳಲಿಲ್ಲ

ಡ್ರೈವಿಂಗ್ ಟೆಸ್ಟಿನ ಟ್ರ್ಯಾಕಿನಲ್ಲಿ, ಸರಿಯಾಗಿ ಏರು ಹತ್ತುವ ಜಾಗದಲ್ಲಿ, ಕಾರು ಗಕ್ಕನೆ ನಿಂತಿತು. ಸ್ಟೀರಿಂಗ್ ಹಿಡಿದಿದ್ದವಳು ನನ್ನ ಹೆಂಡತಿ ನೀಲಮ್ಮ. ಬ್ರೇಕ್ ಒತ್ತಿದಳು, ಮತ್ತೆ ಸ್ಟಾರ್ಟ್ ಮಾಡಿದಳು. ಮತ್ತೆ ಆಫ್! ಇನ್‌ಸ್ಪೆಕ್ಟರ್ ಮೆತ್ತಗೆ ಹೇಳಿದರು, "ಇನ್ನಷ್ಟು ಪ್ರ್ಯಾಕ್ಟೀಸ್ ಮಾಡಿ ಬರ್ರಿ ಅಮ್ಮಾ."

ಬಳ್ಳಾರಿಯಿಂದ ನಮ್ಮೂರು ಕುರುಗೋಡಿಗೆ ವಾಪಸ್ ಹೊರಟೆವು. ನಾನೇ ಮಾತು ತೆಗೆದೆ.

"ಕ್ಲಚ್ ಬಿಡಾಕ ಇನ್ನೂ ಬಂದಿಲ್ಲ ನಿನಗ."

"ನನಗ ಬರ್ತೈತ್ರಿ. ಗಾಡೀನ ನಡಗಾಕ ಹತ್ತೈತಿ."

"ನಾ ಕೈ ಹಾಕಿದ ಇಂಜಿನ್ ಐತಲೇ ಅದು!"

"ಅದಕ್ಕ ಅಂದೆ."

ಲೈಸೆನ್ಸ್ ಅವಳಿಗೆ ಶೋಕಿಗಲ್ಲ. ಅವಳು ಬಡಿಯುವ ಜೋಳದ ರೊಟ್ಟಿ ಕಂಟೋನ್ಮೆಂಟಿನ ಒಂದು ಮೆಸ್ಸಿಗೆ ಹೋಗುತ್ತದೆ. ಒಯ್ಯಬೇಕಾದವನು ನಾನು. ನಾನೋ ಗ್ಯಾರೇಜಿನಲ್ಲಿ ಯಾವುದೋ ಗಾಡಿಯ ಕೆಳಗೆ ಮಲಗಿರುತ್ತೇನೆ. "ಟೈಮಿಗೆ ಬರದಿದ್ರ ಬ್ಯಾರೆಯವ್ರನ್ನ ನೋಡ್ತೀವಿ" ಎಂದು ಮೆಸ್ಸಿನವರು ಹೇಳಿಯಾಗಿತ್ತು.

ನಮ್ಮದು ಹಳೇ ಪೆಟ್ರೋಲ್ ಕಾರು. ಸಿರುಗುಪ್ಪ ರಸ್ತೆಯಲ್ಲಿ ಭತ್ತದ ಲಾರಿಗಳನ್ನು ಓವರ್‌ಟೇಕ್ ಮಾಡುವಾಗ ದಮ್ಮು ಸಾಲದು ಎಂದು ಈಚೆಗೆ ಅದಕ್ಕೆ ದೊಡ್ಡ ಕ್ಯಾಮ್‌ಶಾಫ್ಟ್ ಹಾಕಿದ್ದೆ. (ಇಂಜಿನ್ನಿನ ವಾಲ್ವುಗಳು ಯಾವಾಗ ಬಾಯಿ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂದು ನಡೆಸುವ ದಂಡ ಅದು.) ಹಾಕಿದ ದಿನವೇ ಹಚ್ಚೊಳ್ಳಿವರೆಗೆ ಓಡಿಸಿ ನೋಡಿದೆ. ಹಕ್ಕಿ ಹಾರಿದಂತೆ ಹೋಯಿತು!

"ಕ್ಯಾಮ್ ಬದಲಿಸಿದರೆ ಕಾರಿನ ಕಂಪ್ಯೂಟರ್ ರಿಟ್ಯೂನ್ ಬೇಕಾ, ಮತ್ತೆ ಹೊಂದಿಸಬೇಕಾ?" ಎಂದು ಕೇಳುವವರಿಗೆ ಆಗ ನನ್ನದು ಒಂದೇ ಉತ್ತರ: ಕಿವಿ ಇದ್ದವನಿಗೆ ಲ್ಯಾಪ್‌ಟಾಪ್ ಯಾಕೆ? ಏಳನೇ ಕ್ಲಾಸಿಗೆ ಸಾಲಿ ಬಿಟ್ಟು ಸ್ಪ್ಯಾನರ್ ಹಿಡಿದವನು ನಾನು. ಇಂಜಿನ್ ಶಬ್ದ ಕೇಳಿಯೇ ಅದರ ಕಾಯಿಲೆ ಹೇಳುತ್ತೇನೆ. ಜಂಬ ಅನ್ನಿ, ಪರವಾಗಿಲ್ಲ. ದುಡಿದು ಗಳಿಸಿದ ಜಂಬ.

ಮರುದಿನ ಬೆಳಿಗ್ಗೆ ನೀಲಮ್ಮ ಕೀ ತಂದು ಕೈಗಿಟ್ಟಳು. "ಓಡಸ್ರಿ. ನಿಮ್ಮಂಗಲ್ಲ, ನನ್ನಂಗ."

ಓಡಿಸಿದೆ. ಅವಳ ಹಾಗೆಯೇ, ಕಾಲ್ಬೆರಳಿನಿಂದ ಆಕ್ಸಿಲರೇಟರ್ ಮುಟ್ಟಿ ಮುಟ್ಟದ ಹಾಗೆ. ನಮ್ಮೂರ ಗುಡ್ಡದ ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿದೆ. ಕಾರು ಗಡಗಡ ನಡುಗಿ ಆಫ್. ಇನ್ನೊಮ್ಮೆ ಎತ್ತಿದೆ. ಮತ್ತೆ ಆಫ್!

ನೀಲಮ್ಮ ಕಿಟಕಿಯಾಚೆ ನೋಡುತ್ತ ಹೇಳಿದಳು, "ಕ್ಲಚ್ ಬಿಡಾಕ ಇನ್ನೂ ಬಂದಿಲ್ಲ ನಿಮಗ."

ಗಾಡಿ ತಿರುಗಿಸಿದೆ. ಸೀದಾ ಬಳ್ಳಾರಿಗೆ, ಕಂಪ್ಯೂಟರ್ ಟ್ಯೂನಿಂಗ್ ಮಾಡುವ ಖಾಜಾ ಭಾಯಿಯ ಅಂಗಡಿಗೆ ಹೋದೆವು. (ಎಂದೂ ಹತ್ತಬಾರದು ಅಂದುಕೊಂಡಿದ್ದ ಮೆಟ್ಟಿಲು ಅದು.) ಅವನು ವೈರ್ ಚುಚ್ಚಿ ಸ್ಕ್ರೀನ್ ನೋಡಿದ.

"ಉಸ್ತಾದ್, ಫಿಟ್ಟಿಂಗ್ ಒಂದ್ ಕೂದಲೆಳಿನೂ ತಪ್ಪಿಲ್ಲ. ಆದ್ರ ಕ್ಯಾಮ್ ದೊಡ್ಡದು. ಗಾಳಿ ಎಳ್ಕೊಳ್ಳೋ ಲೆಕ್ಕಾನ ಬದಲಾಗೇತಿ. ಕಂಪ್ಯೂಟರ್ ಪಾಪ, ಹಳೇ ಲೆಕ್ಕದಾಗ ಪೆಟ್ರೋಲ್ ಬಡಸ್ತೈತಿ. ಜೋರಾಗಿ ಹೋಗುವಾಗ ಹೆಂಗೋ ನಡೀತೈತಿ. ನಿಧಾನ ಹೋದ್ರ ಸಿಗಾಕ್ಕೊಳ್ತೈತಿ."

ನೀಲಮ್ಮನಿಗೆ ತಕ್ಷಣ ಅರ್ಥವಾಯಿತು. "ಹತ್ತು ಮಂದೀನ ಊಟಕ್ಕ ಕರದು ನನಗ ಹೇಳದ ಬರ್ತಾರಲ್ಲ ಇವ್ರು, ಹಂಗ ಅನ್ರಿ!"

ಖಾಜಾ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಬೇರೆ ದಾರಿ ಇತ್ತೇ?

ಪೆಟ್ರೋಲಿನ ಅಳತೆ, ಕಿಡಿ ಹಾರುವ ಸಮಯ ಎರಡನ್ನೂ ಹೊಸ ಕ್ಯಾಮಿಗೆ ಹೊಂದಿಸಿದ, ಗಾಡಿ ನಿಂತಾಗ ಇಂಜಿನ್ ತಿರುಗುವ ಐಡಲಿಂಗ್ ವೇಗ ಸ್ವಲ್ಪ ಏರಿಸಿದ. ನಡುಗುತ್ತಿದ್ದ ಇಂಜಿನ್ ಹಾಲು ಕುಡಿದ ಕೂಸಿನಂತೆ ಸುಮ್ಮನಾಯಿತು. ಈಗ ಕೇಳುವವರಿಗೆ ನನ್ನ ಉತ್ತರ ಇದು: ಕಂಪನಿ ಕ್ಯಾಮಿಗೂ ಹೊಸದಕ್ಕೂ ವ್ಯತ್ಯಾಸ ತೀರಾ ಕಡಿಮೆ ಇದ್ದರೆ ನಡೆದೀತು. ದೊಡ್ಡದು ಹಾಕಿದಿರೋ, ರಿಟ್ಯೂನ್ ಬೇಕೇ ಬೇಕು.

ಎರಡನೇ ಟೆಸ್ಟಿನ ದಿನ ಬೇಲಿಯಾಚೆ ನಿಂತಿದ್ದೆ. ನೀಲಮ್ಮ ಏರಿನಲ್ಲಿ ನಿಲ್ಲಿಸಿದಳು. ನಾನು ಇಂಜಿನ್ನಿಗೆ ಕಿವಿಗೊಟ್ಟೆ. ಕಾರು ಮೆಲ್ಲಗೆ, ಇರುವೆ ಹತ್ತಿದ ಹಾಗೆ, ಏರು ಹತ್ತಿ ಆಚೆ ಇಳಿಯಿತು. ಎದೆಯ ಮೇಲಿದ್ದ ಗಾಡಿಯನ್ನು ಯಾರೋ ಜಾಕ್ ಹಚ್ಚಿ ಎತ್ತಿದಂತಾಯಿತು!

ಈಗ ಲೈಸೆನ್ಸ್ ನೀಲಮ್ಮನ ಕೈಯಲ್ಲಿದೆ, ಮೆಸ್ಸಿಗೆ ರೊಟ್ಟಿ ಬಿಸಿ ಇರುವಾಗಲೇ ಮುಟ್ಟುತ್ತದೆ. ನಾನು ನೆಮ್ಮದಿಯಿಂದ ಗಾಡಿಗಳ ಕೆಳಗೆ ಮಲಗಿದ್ದೇನೆ. ಆದರೆ ರಿಪೇರಿಯಾದ ಗಾಡಿಯನ್ನು ಸಿರುಗುಪ್ಪ ರಸ್ತೆಗೆ ಒಯ್ಯುವ ಮೊದಲು ಗುಡ್ಡದ ಏರಿಗೆ ಒಯ್ಯುತ್ತೇನೆ, ನೀಲಮ್ಮನ ಹಾಗೆ ಓಡಿಸುತ್ತೇನೆ.

ಅಂದಹಾಗೆ, "ಸರಿ ಇಲ್ಲ" ಎಂದು ಮನೆಯವರು ಹೇಳುವ ನಿಮ್ಮ ಗಾಡಿಯನ್ನು ನೀವು ಅವರ ಸ್ಪೀಡಿನಲ್ಲಿ ಒಮ್ಮೆಯಾದರೂ ಓಡಿಸಿ ನೋಡಿದ್ದೀರಾ?