ಸಮುದ್ರ ಕಾಣೋ ರೂಮು

ನಮ್ಮ ಮನೇಲಿ ಎಲ್ಲಿಗೇ ಹೋಗಲಿ, ಉಳಕೊಳ್ಳೋ ಜಾಗ ಆರಿಸೋಳು ನಾನೇ. ಯಾರೋ ಕೊಟ್ಟ ಅಧಿಕಾರ ಅಲ್ಲ, ನಾನೇ ಕಿತ್ಕೊಂಡಿದ್ದು. ನನ್ನ ಗಂಡನ ಕೈಗೆ ಬಿಟ್ಟರೆ ಬಸ್ ಸ್ಟ್ಯಾಂಡ್ ಎದುರಿಗೆ ಕಂಡ ಮೊದಲನೇ ಲಾಡ್ಜಿಗೆ ನುಗ್ಗಿ, ತಿಗಣೆ ಕಚ್ಚಿದರೂ ಗೊರಕೆ ಹೊಡೀತಾರೆ. ನಾನು ಹಂಗಲ್ಲ. ಫೋನಿನಲ್ಲಿ ಫೋಟೋ ಎಲ್ಲ ನೋಡಿ, ಉಳಿದು ಹೋದವರು ಬರೆದದ್ದನ್ನು ಓದಿ, ಆ ಜಾಗದವರಿಗೆ ಫೋನ್ ಮಾಡಿ ತಲೆ ತಿಂದು, ಆಮೇಲೆ ಹೂಂ ಅನ್ನೋಳು. ಮಧುಗಿರಿಯ ನಮ್ಮ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಯಾರಾದರೂ ಟೂರು ಅಂದರೆ ಮೊದಲು ನನ್ನ ಹತ್ತಿರ ಬರ್ತಿದ್ದರು. ಅದರ ಜಂಬ ನಂಗೆ ಚೆನ್ನಾಗೇ ಇತ್ತು.

ಹೋದ ಡಿಸೆಂಬರಿನಲ್ಲಿ ಸಮುದ್ರಕ್ಕೆ ಹೋಗೋದು ಅಂತ ತೀರ್ಮಾನ ಆದದ್ದು ನಮ್ಮತ್ತೆಗೋಸ್ಕರ. ಅತ್ತೆ ಪಾವಗಡದ ಕಡೆಯವರು, ವಳ್ಳೂರಿನ ಪಕ್ಕದ ಹಳ್ಳಿ. ಮಾತಿನಲ್ಲಿ ಕನ್ನಡ ಎಷ್ಟೋ ತೆಲುಗೂ ಅಷ್ಟೇ. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ. ಆ ಕಡೆಯ ಬೋರ್‌ವೆಲ್ ನೀರು ಕುಡಿದು ಬೆಳೆದವರ ಮೂಳೆ ಒಂದು ವಯಸ್ಸಿಗೆ ಬಿಗಿದುಕೊಂಡು ಬಿಡುತ್ತೆ. ನೀರಿನಲ್ಲಿರೋ ಫ್ಲೋರೈಡು ಅಂತಾರೆ. ಹೆಸರು ಏನಾದರೂ ಇರಲಿ, ಅತ್ತೆಯ ಮಂಡಿ ಸರಿಯಾಗಿ ಮಡಚೋದೂ ಇಲ್ಲ, ನೆಟ್ಟಗಾಗೋದೂ ಇಲ್ಲ. ಚಪ್ಪಟೆ ನೆಲದ ಮೇಲೆ ಕೋಲು ಹಿಡಕೊಂಡು ಓಡಾಡ್ತಾರೆ, ಅಷ್ಟೇ. ತುಮಕೂರಿನ ಡಾಕ್ಟರು, ಆಪರೇಷನ್ನಿಗೆ ಇವರ ಹೃದಯ ತಡೆಯಲ್ಲ, ನಡೆಯೋಷ್ಟು ದಿನ ನಡೀಲಿ, ಇನ್ನೊಂದು ವರ್ಷಕ್ಕೆ ಈ ನಡಿಗೇನೂ ಇರಲ್ಲ ಅಂದರು.

ವಾಪಸ್ ಬರುವಾಗ ಕೊರಟಗೆರೆ ದಾಟಿದ ಮೇಲೆ ಕಾರಿನಲ್ಲಿ ಅತ್ತೇನೇ ಬಾಯಿ ಬಿಟ್ಟರು. "ಅಂಗಾದ್ರೆ ಕಾಲು ಇರೋವಾಗ್ಲೇ ಒಂದು ದಪ ಸಮುದ್ರದಾಗೆ ನಿಂತ್ಕೊಂಡು ಬಂದ್ಬುಡಾನ ಕಣ್ಲಾ" ಅಂತ ಮಗನಿಗೆ ಹೇಳಿದರು. ಜೀವಮಾನದಲ್ಲಿ ಏನನ್ನೂ ಕೇಳಿದವರಲ್ಲ ಅವರು. ಸೀರೆ ತಂದುಕೊಟ್ಟರೆ ಯಾಕಮ್ಮ ಅನ್ನೋರು. ನನ್ನ ಗಂಡ ಸ್ಟೇರಿಂಗ್ ಹಿಡಕೊಂಡೇ ಹೂಂ ಹೂಂ ಅಂತ ತಲೆ ಆಡಿಸಿದರು. ಉಳಕೊಳ್ಳೋ ಜಾಗದ ವಿಚಾರ ನಂಗೆ ಬಿಡಿ ಅಂದೆ ನಾನು.

ಹೊನ್ನಾವರದಿಂದ ಸ್ವಲ್ಪ ದೂರದಲ್ಲಿ ಒಂದು ಪುಟ್ಟ ಊರು. ಒಂದು ಕಡೆ ಗುಡ್ಡ, ಒಂದು ಕಡೆ ಮೀನುಗಾರರ ಕೇರಿ, ನಡುವೆ ತೆಂಗಿನ ತೋಟ. ಆರಿಸಿ ಆರಿಸಿ ಕೊನೆಗೆ ಎರಡು ಜಾಗ ಉಳಿದವು. ಒಂದು ಕೇರಿಯಲ್ಲಿರೋ ಹೆಂಚಿನ ಮನೆ. ಫೋಟೋದಲ್ಲಿ ಅಂಗಳದ ತುಂಬ ಬಲೆ, ತಂತಿಗೆ ಒಣ ಹಾಕಿದ ಬಟ್ಟೆ. ಇನ್ನೊಂದು ಗುಡ್ಡದ ಮೇಲಿರೋ ಹೊಸ ಕಟ್ಟಡ. ರೂಮಿನ ಒಂದು ಗೋಡೆ ಪೂರ್ತಿ ಗಾಜು, ಗಾಜಿನಾಚೆ ಬರೀ ಸಮುದ್ರ.

ಸಂಜೆ ಎಲ್ಲರೂ ಹಾಲಿನಲ್ಲಿ ಕೂತಿದ್ದಾಗ ಮೊದಲು ಹೆಂಚಿನ ಮನೆಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಎತ್ತಿದವಳು ಆ ಮನೆಯಾಕೆ. ಅತ್ತೆ ಕಾಲಿನ ವಿಷಯ ಹೇಳಿದೆ. "ಅಯ್ಯೋ ಅಕ್ಕಾ, ಕರ್ಕೊಂಡು ಬನ್ನಿ. ಗಾಡಿ ನಮ್ಮ ಅಂಗಳಕ್ಕೇ ಬರ್ತದೆ. ಜಗಲಿ ಇಳಿದ್ರೆ ಮರಳು, ನಾಕು ಹೆಜ್ಜೆಗೆ ನೀರು. ನಾನೇ ಕೈ ಹಿಡ್ಕೊಂಡು ನಿಲ್ಲಿಸ್ತೆ" ಅಂದಳು. ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದಳು ಪಾಪ. ಆಮೇಲೆ ನಾನು ನಮ್ಮ ಸೀಮೆಯವರು ಕೇಳೋ ಪ್ರಶ್ನೆ ಕೇಳಿದೆ. ನೀರು ಹೆಂಗಿದೆ? ನಾವು ಹೆಣ್ಣು ಕೊಡೋವಾಗಲೂ ಮೊದಲು ಅದನ್ನೇ ಕೇಳೋ ಜನ. ಬೇರೆ ಊರಿಗೆ ವರ್ಗ ಆದರೂ ಅದನ್ನೇ ಕೇಳ್ತೀವಿ. ಅವಳು ಸುಳ್ಳು ಹೇಳಲಿಲ್ಲ. "ಬಾವಿ ನೀರು ಒಂಚೂರು ಉಪ್ಪುಪ್ಪು ಅಕ್ಕಾ. ಸ್ನಾನಕ್ಕೆ ಅಡ್ಡಿಲ್ಲ. ಕುಡಿಯೂಕೆ ಬೇರೆ ತರಿಸಿ..."

ಪೂರ್ತಿ ಹೇಳೋಕೆ ಬಿಡಲಿಲ್ಲ ನಾನು. "ಉಪ್ಪು ನೀರಿನ ಮನೆ ಇಟ್ಕೊಂಡು ಬಾಡಿಗೆಗೆ ಕೊಡ್ತೀರಲ್ಲಮ್ಮ, ನಾಚಿಕೆ ಆಗಲ್ವಾ? ಕೆಟ್ಟ ನೀರು ಕುಡಿದೇ ನಮ್ಮತ್ತೆ ಕಾಲು ಹಿಂಗಾಗಿರೋದು" ಅಂತ ಅಂದು ಫೋನ್ ಇಟ್ಟುಬಿಟ್ಟೆ. ಮೂಗಿನ ತುದೀಲಿ ಸಿಟ್ಟು ನಂಗೆ, ಮನೆಯವರಿಗೆಲ್ಲ ಗೊತ್ತು. ಅತ್ತೆ ಕಡಲೆಕಾಯಿ ಬಿಡಿಸ್ತಾ ಕೂತಿದ್ದರು, ತಲೆ ಎತ್ತಿ ನನ್ನ ನೋಡಿದರು, ಮತ್ತೆ ಬಿಡಿಸೋಕೆ ಶುರು ಮಾಡಿದರು.

ಗುಡ್ಡದ ಮೇಲಿನವನು ಫೋನಿನಲ್ಲಿ ಫಿಲ್ಟರ್ ನೀರು ಮೇಡಂ, ಇಪ್ಪತ್ನಾಲ್ಕು ಗಂಟೆ ಬಿಸಿನೀರು ಮೇಡಂ, ಸಮುದ್ರಕ್ಕೆ ಐದು ನಿಮಿಷದ ನಡಿಗೆ ಮೇಡಂ ಅಂದ. ನಾನು ನೀರಿನ ಬಗ್ಗೆ ಕೇಳಿದ್ದೇ ಕೇಳಿದ್ದು. ಟ್ಯಾಂಕ್ ತೊಳೀತೀರಾ, ಫಿಲ್ಟರ್ ಯಾವಾಗ ಬದಲಾಯಿಸಿದ್ರಿ. ದಾರಿ ಹೆಂಗಿದೆ ಅಂತ ಒಂದು ಮಾತು ಕೇಳಲಿಲ್ಲ. ಚನ್ನರಾಯನದುರ್ಗದ ಬೆಟ್ಟದ ಬುಡದಲ್ಲಿ ಹುಟ್ಟಿದವಳು ನಾನು. ಏನನ್ನಾದರೂ ಚೆನ್ನಾಗಿ ನೋಡಬೇಕು ಅಂದರೆ ಮೇಲಕ್ಕೆ ಹತ್ತಬೇಕು ಅನ್ನೋದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅತ್ತೆ ಕುರ್ಚಿ ಮೇಲೆ ಕೂತು ಸಮುದ್ರ ಪೂರ್ತಿ ನೋಡಬಹುದು ಅಂತ ಎಲ್ಲರಿಗೂ ಹೇಳಿದೆ. ಅವರು ಕೇಳಿದ್ದು ನೋಡೋಕಲ್ಲ, ನಿಲ್ಲೋಕೆ. ಅದು ಗೊತ್ತಿದ್ದೂ ಹಂಗೆ ಹೇಳಿದೆ.

ಇನ್ನೂ ಒಂದು ಮಾತಿದೆ. ನೀರು ಕಾರಣ ಹೌದು, ಆದರೆ ನೀರೊಂದೇ ಅಲ್ಲ. ಬಲೆ ಇರೋ ಅಂಗಳದ ಫೋಟೋ ನೋಡಿದಾಗಲೇ ನನ್ನ ಮೂಗಿಗೆ ಮೀನಿನ ವಾಸನೆ ಬಂದಿತ್ತು. ಗಾಜಿನ ಗೋಡೆ ನೋಡಿದಾಗ ಅದರ ಮುಂದೆ ಕಾಫಿ ಲೋಟ ಹಿಡಕೊಂಡು ನಿಂತಿರೋ ನನ್ನ ಫೋಟೋ ಸ್ಟೇಟಸ್ಸಿನಲ್ಲಿ ಕಂಡಿತ್ತು. ನೀರು ನಂಗೆ ಒಳ್ಳೆ ನೆಪ ಆಗಿ ಸಿಕ್ಕಿತು. ಅತ್ತೆಯ ಕಾಯಿಲೇನ ಅವರ ಎದುರಿಗೇ ನನ್ನ ಶೋಕಿಗೆ ಬಳಸಿಕೊಂಡೆ, ಇದಕ್ಕಿಂತ ನಯವಾಗಿ ಹೇಳೋಕೆ ಬರಲ್ಲ.

ಶಿರಾ ದಾಟಿ, ಶಿವಮೊಗ್ಗ ಸಾಗರ ಎಲ್ಲ ದಾಟಿ, ಘಟ್ಟ ಇಳಿದು ಆ ಊರು ಸೇರೋ ಹೊತ್ತಿಗೆ ಇಳಿಬಿಸಿಲು. ದಾರಿಯುದ್ದಕ್ಕೂ ಅತ್ತೆ ಮಗುವಿನಂಗೆ "ಬಂತಾ? ಅದೇನಾ?" ಅಂತ ಕೇಳ್ತಿದ್ದರು. ಒಂದು ಕೆರೆ ಕಂಡರೂ ಅದೇನಾ ಅನ್ನೋರು. ನನ್ನ ಮಗಳು ಹೊಟ್ಟೆ ಹಿಡಕೊಂಡು ನಕ್ಕಿದ್ದೇ ನಕ್ಕಿದ್ದು. ಗುಡ್ಡದ ಮೇಲೆ ಕಾರು ನಿಲ್ಲಿಸಿ, ಅತ್ತೇನ ಇಳಿಸಿ, ಗಾಜಿನ ಮುಂದೆ ಕುರ್ಚಿ ಹಾಕಿ ಕೂರಿಸಿದೆ. ಪರದೆ ಸರಿಸಿದೆ. ನಿಜವಾಗಲೂ ಬಾಯಿ ಬಿಟ್ಟು ನೋಡೋ ಹಂಗಿತ್ತು. ಅತ್ತೆ ಏನಂತಾರೋ ಅಂತ ಅವರ ಮುಖಾನೇ ನೋಡ್ತಾ ನಿಂತೆ.

"ಏಮ್ಮಾ ಇದು" ಅಂದರು ಅತ್ತೆ, "ನಮ್ಮೂರ ಸೋಲಾರ್ ಇದ್ದಂಗೇ ಐತಲ್ಲ!"

ವಳ್ಳೂರಿನ ಸುತ್ತ ಕಣ್ಣು ಹೋಗೋ ತನಕ ಸೋಲಾರ್ ಹಲಗೆಗಳು. ದಿಬ್ಬದ ಮೇಲೆ ನಿಂತರೆ ಬಿಸಿಲಿಗೆ ನೀಲಿಯಾಗಿ ಮಿರಮಿರ ಮಿಂಚುತ್ತವೆ. ಮಗಳು ಅಜ್ಜಿ ಸೂಪರ್ ಅಂತ ಚಪ್ಪಾಳೆ ತಟ್ಟಿದಳು. ಗಂಡ ನಕ್ಕರು. ನಾನೂ ನಕ್ಕೆ. ಆದರೆ ಅತ್ತೆ ತಮಾಷೆಗೆ ಹೇಳಿದ್ದಲ್ಲ. ಅಷ್ಟು ಮೇಲಿಂದ ಅಲೆಯೂ ಕಾಣಲ್ಲ, ಸದ್ದೂ ಕೇಳಲ್ಲ, ಗಾಜಿನಾಚೆ ಗಾಳೀನೂ ಇಲ್ಲ. ಅವರಿಗೆ ಅಲ್ಲಿ ಸಮುದ್ರ ಇರಲೇ ಇಲ್ಲ.

ಬೆಳಗ್ಗೆ ಎದ್ದು ಎಲ್ಲರೂ ಕೆಳಗೆ ಹೊರಟೆವು. ಅತ್ತೆ ಹೊಸ ಸೀರೆ ಉಟ್ಟಿದ್ದರು, ಹೂವು ಮುಡಿದಿದ್ದರು. ಐದು ನಿಮಿಷದ ನಡಿಗೆ ಅಂದರೆ ಗುಡ್ಡ ಕೊರೆದು ಮಾಡಿದ ಕೆಂಪು ಕಲ್ಲಿನ ಮೆಟ್ಟಿಲು. ಕೆಳಗೆ ನೋಡಿದರೆ ತಲೆ ತಿರುಗಬೇಕು, ಹಿಡಕೊಳ್ಳೋಕೆ ಕಂಬಿಯೂ ಇಲ್ಲ. ಅತ್ತೆ ಕೋಲು ಮಗನ ಕೈಗೆ ಕೊಟ್ಟು, ಮೊದಲ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕೂತ್ಕೊಂಡೇ ಒಂದೊಂದೇ ಮೆಟ್ಟಿಲು ಜಾರಿಕೊಂಡು ಇಳಿಯೋಕೆ ಶುರು ಮಾಡಿದರು. ಹೊಸ ಸೀರೆಗೆಲ್ಲ ಕೆಂಪು ಮಣ್ಣು. ಮೇಲಿಂದ ಇಳೀತಿದ್ದ ಹುಡುಗ ಹುಡುಗಿಯರು ಪಕ್ಕಕ್ಕೆ ಸರಿದು ಸಾರಿ ಆಂಟಿ ಅಂತ ದಾಟಿಕೊಂಡು ಹೋಗ್ತಿದ್ದರು. ಒಂದು ತಿರುವಿನಲ್ಲಿ ಮಂಡಿ ಹಿಡಕೊಂಡು ಅತ್ತೆ ಹಲ್ಲು ಕಚ್ಚಿದರು. "ಚಾಲಮ್ಮಾ" ಅಂದರು, ಸಾಕು ಅಂತ. "ನೀವು ಓಗ್ಬನ್ನಿ. ನನ್ನ ಮ್ಯಾಲಕ್ಕೆ ಬುಟ್ಬುಡಿ."

ಅವರನ್ನು ಮತ್ತೆ ಕುರ್ಚಿಗೆ ತಂದು ಕೂರಿಸೋ ಹೊತ್ತಿಗೆ ಗಂಡನ ಶರ್ಟು ಬೆವರಿನಿಂದ ಒದ್ದೆ. ನನ್ನ ಹೊರಗೆ ಕರೆದು, "ಆ ಕೇರಿ ಮನೆಯಾಕೆಗೆ ಫೋನ್ ಮಾಡು. ರಸ್ತೆ ಗುಡ್ಡ ಸುತ್ತಿ ಅಲ್ಲಿಗೇ ಹೋಗುತ್ತೆ. ಅಂಗಳದ ತನಕ ಕಾರು ಬಿಡ್ತೀನಿ ಅಂದಿದ್ಲಲ್ಲ. ಈಗಲೇ ಹೋಗಣ" ಅಂದರು.

ಅಷ್ಟೇ ಸಾಕಿತ್ತು. ಒಂದು ಫೋನು. ನಾಚಿಕೆ ಆಗಲ್ವಾ ಅಂತ ಬೈದಿದ್ದೆನಲ್ಲ, ಅದೇ ಹೆಂಗಸಿಗೆ ಯಾವ ಮುಖ ಇಟ್ಕೊಂಡು ಮಾತಾಡಲಿ? "ಈಗ ಬಿಸಿಲು. ಅತ್ತೆ ಸುಸ್ತಾಗಿದ್ದಾರೆ. ನಾಳೆ ಬೆಳಗ್ಗೆ ಹೋಗಣ" ಅಂದೆ. ಗಂಡ ನನ್ನೇ ನೋಡಿ ಒಳಗೆ ಹೋದರು. ಅವತ್ತು ಸಂಜೆ ನಾನು, ಮಗಳು ಕೆಳಗೆ ಇಳಿದು ಅಲೆಯಲ್ಲಿ ಆಡಿದೆವು. ಆಡಿದೆವು, ಹೌದು. ನನ್ನ ಕಾಲ ಕೆಳಗಿಂದ ಮರಳು ಸರಿದುಹೋಗುವಾಗ ಖುಷಿಗೆ ಕಿರುಚಿದೆ ಕೂಡ. ತಿರುಗಿ ಮೇಲೆ ನೋಡಿದರೆ ಗಾಜು ಮಾತ್ರ ಹೊಳೀತಿತ್ತು.

ಮಾರನೇ ದಿನ ಅತ್ತೆಯ ಮಂಡಿ ಕುಂಬಳಕಾಯಿಯಂಗೆ ಊದಿತ್ತು. ನೆಲಕ್ಕೆ ಪಾದ ಊರೋಕೂ ಆಗಲಿಲ್ಲ. ಹಿಂದಿನ ಸೀಟಿನಲ್ಲಿ ಕಾಲು ಉದ್ದಕ್ಕೆ ಚಾಚಿ ಮಲಗಿಸಿಕೊಂಡು ಊರಿಗೆ ಹೊರಟೆವು. ನಾನು ಬೇಡ ಅಂದರೂ ಗಂಡ ಕಾರನ್ನು ಕೇರಿಯ ಕಡೆಗೇ ತಿರುಗಿಸಿದರು. ಆ ಮನೆ ಫೋಟೋದಲ್ಲಿ ಇದ್ದಂಗೇ ಇತ್ತು. ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಜಗಲಿ, ಮರಳು, ನೀರು. ದಡದ ತುಂಬ ಬಲೆ ಎಳೆಯೋ ಜನ. ಜಗಲಿಯ ಮೇಲೆ ಒಬ್ಬಾಕೆ ಮೀನು ಹರವುತ್ತಿದ್ದಳು, ಕಾರು ನೋಡಿ ಎದ್ದು ನಿಂತು ನಕ್ಕಳು. ನಾನು ಕಾರಿನಿಂದ ಇಳಿಯಲಿಲ್ಲ. ನನ್ನ ದನಿ ಗುರುತು ಸಿಕ್ಕೀತು ಅಂತ ಬಾಯಿ ಮುಚ್ಚಿಕೊಂಡು ಕೂತೆ.

ಗಂಡ ಹಿಂದಿನ ಬಾಗಿಲು ತೆಗೆದು ಅತ್ತೇನ ಎತ್ತಿಕೊಳ್ಳೋಕೆ ಬಗ್ಗಿದರು. ಅತ್ತೆ ಕೈ ತಳ್ಳಿದರು. "ಲೇ, ಇಷ್ಟು ಜನದ ಮುಂದೆ ಎತ್ಕಂಡು ಓಗ್ತೀಯಾ? ನಾನೇನು ಹೆಣಾನಾ? ನಿಂತ್ಕಾಣಾಕೆ ಬಂದೋಳು ನಾನು." ಗಂಡ ಅಂಗಲಾಚಿದರು, ಮಗಳು ಅತ್ತಳು, ಅತ್ತೆ ಜಗ್ಗಲಿಲ್ಲ. ಕೊನೆಗೆ ಗಂಡ ಬಾಟಲಿಯಲ್ಲಿ ಸಮುದ್ರದ ನೀರು ತುಂಬಿಕೊಂಡು ಬಂದರು, ಕಾಲಿಗಾದರೂ ಹಾಕ್ತೀನಿ ಅಂತ. "ಬಾಟ್ಲಿ ನೀರು ಮಧುಗಿರಿಯಾಗೂ ಸಿಗ್ತದೆ, ಚೆಲ್ಲು" ಅಂದು ಅತ್ತೆ ಸೆರಗು ಮುಖದ ಮೇಲೆ ಎಳಕೊಂಡರು. ಸೆರಗಿನ ಒಳಗೆ ಅತ್ತರೋ ಏನೋ, ನಾನು ತಿರುಗಿ ನೋಡಲಿಲ್ಲ. ಘಟ್ಟ ಹತ್ತೋವರೆಗೂ ಅಲೆ ಸದ್ದು ಕಿವೀಲೇ ಇತ್ತು.

ಮಂಡಿಯ ಊತ ಇಳೀತು, ನಡಿಗೆ ವಾಪಸ್ ಬರಲಿಲ್ಲ. ಈಗ ಹಾಸಿಗೆಯಿಂದ ಬಚ್ಚಲಿಗೆ ಹೋಗಬೇಕಾದರೂ ನಾನು ಒಂದು ಕಡೆ, ಮಗಳು ಒಂದು ಕಡೆ. ಡಾಕ್ಟರು ಒಂದು ವರ್ಷ ಅಂದಿದ್ದರು. ಆ ಮೆಟ್ಟಿಲು ಆ ವರ್ಷಾನೇ ನುಂಗಿಬಿಡ್ತು.

ಊರಿಗೆ ಬಂದ ವಾರದಲ್ಲಿ ಪಕ್ಕದ ಮನೆಯಾಕೆ ಅತ್ತೇನ ನೋಡೋಕೆ ಬಂದಳು. ಶಿರಾದಿಂದ ಬಂದು ಇಲ್ಲಿ ಬಟ್ಟೆ ಅಂಗಡಿ ಇಟ್ಟಿರೋ ಸಾಬರ ಮನೆ ಹೆಣ್ಣುಮಗಳು, ಅತ್ತೆ ಜೊತೆ ಬಲು ಸಲಿಗೆ. "ಅರೇ ಅಮ್ಮಾ, ಸಮುದ್ರ ನೋಡ್ಕೊಂಡು ಬಂದ್ರಂತೆ! ಹೆಂಗಿತ್ತು ಹೇಳಿ" ಅಂತ ಮಂಚದ ಮೇಲೇ ಕೂತಳು. ನಾನು ಅಡುಗೆಮನೆಯಲ್ಲಿ ಟೀ ಸೋಸ್ತಿದ್ದೆ. ಅತ್ತೆ ಏನು ಹೇಳ್ತಾರೋ ಅಂತ ಕೈ ನಿಂತುಹೋಯ್ತು. ನನ್ನ ಮಾನ ಬೀದಿಗೆ ಬರುತ್ತೆ, ಬರಲಿ, ಅದೇ ಸರಿ ಅಂದ್ಕೊಂಡೆ.

"ಅಯ್ಯೋ ಏನೇಳ್ಲಿ ಕಣಮ್ಮ" ಅಂದರು ಅತ್ತೆ. "ಮಂಡಿ ಮಟ ನೀರಾಗೆ ನಿಂತಿದ್ದೆ. ಅಲೆ ಬತ್ತದೆ, ಓಯ್ತದೆ. ಕಾಲ್ ಕೆಳಗೆ ಮಳ್ಳು ಅಂಗೇ ಜಾರ್ತದೆ. ಬಿದ್ದೋಯ್ತೀನೇನೋ ಅಂತ ನಮ್ಮ ಸೊಸೆ ಕೈ ಗಟ್ಟಿಯಾಗಿ ಇಡ್ಕಂಡಿದ್ದೆ. ಎಂಥಾ ಜಾಗ ಆರ್ಸಿದ್ಲು ಅಂತೀಯ! ಉಪ್ಪು ನೀರಿಗೇ ಈ ಕಾಲು ಊದಿದ್ದು, ಆದ್ರೂ ಪರವಾಗಿಲ್ಲ."

ಟೀ ತಗೊಂಡು ಹೊರಗೆ ಬಂದೆ. ಪಕ್ಕದ ಮನೆಯಾಕೆ ನನ್ನ ಮುಖ ನೋಡಿ, "ಹೌದಾ ಟೀಚರ್? ಪುಣ್ಯ ಮಾಡಿದ್ದೀರಿ ನೀವು" ಅಂದಳು. ನಾನು ಹೂಂ ಅಂದೆ. ನನ್ನ ಬಾಯಿಂದಾನೇ ಬಂತು ಆ ಹೂಂ.

ಆವತ್ತು ಅವಳು ಹೋದ ಮೇಲೆ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕೋಕೆ ಕೂತೆ. ಮನೇಲಿ ಇನ್ಯಾರೂ ಇರಲಿಲ್ಲ. ಬೈಯಲಿ, ಎರಡು ಮಾತು ಆಡಲಿ ಅಂತ ಕಾದೆ. ಅವರು ಕಿಟಕಿ ಆಚೆ ನೋಡ್ತಿದ್ದರು. ಕೊನೆಗೆ ನಾನೇ ಬಾಯಿಬಿಟ್ಟೆ. "ಅತ್ತೆ, ಬೇಸಿಗೆ ರಜೇಲಿ ಮತ್ತೆ ಹೋಗಣ. ಗಾಲಿ ಕುರ್ಚೀಲಿ ಆದರೂ ಸರಿ, ಮರಳ ಮೇಲಿರೋ ಆ ಮನೇಲೇ ಉಳಕೊಳ್ಳಣ. ಆ ಹೆಂಗಸಿನ ಕಾಲಿಗೆ ಬಿದ್ದಾದರೂ ರೂಮು ಕೇಳ್ತೀನಿ. ನಿಮ್ಮನ್ನ ನೀರಲ್ಲಿ ನಿಲ್ಲಿಸ್ತೀನಿ" ಅಂದೆ.

ಅತ್ತೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮತ್ಯಾಕಮ್ಮಾ?" ಅಂದರು. "ನಿಂತ್ಕಂಡು ಬಂದಿದ್ದೀನಲ್ಲ."